ನನಗಾಗಿ ಓದಿದ ದನಿಗಳಿಗೆ

ಪ್ರೀತಿಯ ಗೆಳೆಯರೇ,

ನಿನ್ನೆ ರಾತ್ರಿ ಒಂದು ಕಾದಂಬರಿಯ ಕೊನೆಯ ಪುಟವನ್ನು ನನ್ನ ಕಣ್ಣಿನಿಂದಲೇ ಓದಿ ಮುಗಿಸಿದೆ. ಏಳು ತಿಂಗಳಲ್ಲಿ ಇದೇ ಮೊದಲು. ಈ ಸುದ್ದಿ ಎಲ್ಲರಿಗಿಂತ ಮುಂಚೆ ನಿಮಗೆ ತಲುಪಬೇಕು.

ನನ್ನ ಎಡಗಣ್ಣು ಚಿಕ್ಕಂದಿನಿಂದಲೂ ಮಂದ. ಓದಿಗೆಲ್ಲ ಬಲಗಣ್ಣೊಂದೇ ಆಸರೆಯಾಗಿತ್ತು. ಅದರ ಅಂಚಿನಲ್ಲಿ ಎರಡು ದಿನ ಮಿಂಚು ಮಿಂಚಿದಂತಾಯಿತು, ಮೂರನೆಯ ದಿನ ಬದಿಯಿಂದ ಕಪ್ಪು ಪರದೆ ಸರಿಯತೊಡಗಿತು. ಕಣ್ಣಿನ ಹಿಂಬದಿಯ ತೆಳು ಪದರ, ಅಕ್ಷಿಪಟಲ, ಕಳಚಿಕೊಂಡಿತ್ತು. ಶಸ್ತ್ರಚಿಕಿತ್ಸೆ ಮಾಡಿ, ಅದು ಮತ್ತೆ ಅಂಟಿಕೊಳ್ಳಲೆಂದು ಕಣ್ಣೊಳಗೆ ಅನಿಲ ತುಂಬಿದರು. ದಿನಗಟ್ಟಲೆ ಮುಖ ಕೆಳಗೆ ಮಾಡಿ ಮಲಗಬೇಕಾಯಿತು. ಆಮೇಲೆ ಕಂಡದ್ದನ್ನು ನಿಮಗೆ ಹೇಳದಿದ್ದರೆ ಇನ್ನಾರಿಗೆ ಹೇಳಲಿ: ನೋಟದ ಮೇಲ್ಭಾಗದಲ್ಲಿ ಒಂದು ಗೆರೆ ಮೂಡಿತು. ಗೆರೆಯ ಮೇಲೆ ಜಗತ್ತು ತಿಳಿಯಾಗಿತ್ತು, ಕೆಳಗೆಲ್ಲ ನಡುಗುವ ಮಸುಕು. ತಲೆ ಆಡಿಸಿದರೆ ಅದು ಬಟ್ಟಲಿನ ನೀರಿನಂತೆ ತುಳುಕುತ್ತಿತ್ತು. ದಿನಕ್ಕಿಷ್ಟಿಷ್ಟೇ ಕೆಳಗಿಳಿದು, ಕಡೆಗೆ ಒಂದು ದುಂಡು ಗುಳ್ಳೆಯಾಗಿ ಉಳಿದು, ಒಂದು ಬೆಳಿಗ್ಗೆ ಇಲ್ಲವಾಯಿತು. ಬೇರೊಂದು ಗ್ರಹದ ದಿಗಂತವನ್ನು ಕಣ್ಣೊಳಗೇ ಇಟ್ಟುಕೊಂಡು ಬದುಕಿದ ವಾರಗಳು ಅವು. ಗುಳ್ಳೆ ಹೋದ ಮೇಲೆ ಪೊರೆ ಬೆಳೆಯಿತು. ಅದಕ್ಕೆ ಇನ್ನೊಂದು ಶಸ್ತ್ರಚಿಕಿತ್ಸೆಯಾಯಿತು.

ಎರಡು ವರ್ಷದ ಹಿಂದೆ ನನ್ನ ಓದಿನ ಪಟ್ಟಿಯನ್ನು ನಿಮ್ಮೊಂದಿಗೆ ಹಂಚಿಕೊಂಡಿದ್ದೆನಲ್ಲ, ಅದರಲ್ಲಿ 64 ಹೆಸರುಗಳಿದ್ದವು. ವಿಜ್ಞಾನ ಕಥೆಗಳು, ಫ್ಯಾಂಟಸಿಗಳು, ಪ್ರತಿಯೊಂದರ ಎದುರು ಒಂದು ಸಾಲಿನ ಅಭಿಪ್ರಾಯ. ನಾನು ಮಲಗಿದ ಸುದ್ದಿ ತಿಳಿದಾಗ ನೀವು ಆ ಪಟ್ಟಿಯನ್ನು ನಿಮ್ಮ ನಿಮ್ಮಲ್ಲೇ ಹಂಚಿಕೊಂಡಿರಿ. ತಾನು ಇನ್ನೂ ಓದಿರದ ಪುಸ್ತಕವನ್ನೇ ಆರಿಸಿಕೊಳ್ಳಬೇಕು, ದಿನಕ್ಕೊಂದು ಅಧ್ಯಾಯವನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿ ಕಳುಹಿಸಬೇಕು ಎಂಬುದು ನೀವೇ ಮಾಡಿಕೊಂಡ ನಿಯಮ. ಹಾಗಾಗಿ ನೀವು ಮೊದಲ ಬಾರಿ ಬೆರಗಾದ ಕ್ಷಣಗಳು ನನಗೆ ಕೇಳಿಸಿದವು. ಓದುತ್ತ ಓದುತ್ತ ದನಿ ನಿಂತುಬಿಡುವುದು, ಉಸಿರು ಎಳೆದುಕೊಳ್ಳುವುದು, ‘ಅಯ್ಯೋ’ ಎಂದು ಮತ್ತೆ ಮುಂದುವರಿಯುವುದು. ನಾನು ಒಬ್ಬನೇ ಓದಿದಾಗ ಈ ಭಾಗ್ಯ ಇರಲಿಲ್ಲ.

ಕ್ಲಾರ್ಕ್ ಅವರ ‘ರಾಂಡೇವೂ ವಿತ್ ರಾಮ’ವನ್ನು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಕೇಳಿದೆ. ಸುಮಾರು 50 ಕಿಲೋಮೀಟರ್ ಉದ್ದದ, ಉರುಳೆಯಾಕಾರದ ಆ ಅನ್ಯಲೋಕದ ಕತ್ತಲ ನೌಕೆಯೊಳಗೆ ಮನುಷ್ಯರು ಕಾಲಿಡುವಾಗ ನಾನೂ ಕತ್ತಲಲ್ಲೇ ಇದ್ದೆ. ‘ಡ್ಯೂನ್’ ಕೇಳುಗರಿಗೆ ಕಷ್ಟದ ಪುಸ್ತಕ, ಕೊನೆಯಲ್ಲಿರುವ ಪದಕೋಶಕ್ಕೆ ಪುಟ ತಿರುಗಿಸಲಾಗದು. ಅದನ್ನೂ ಬೇರೆಯಾಗಿ ಓದಿ ಕಳುಹಿಸಿದವರಿಗೆ ವಿಶೇಷ ನಮಸ್ಕಾರ.

‘ಫ್ಲವರ್ಸ್ ಫಾರ್ ಆಲ್ಜರ್ನಾನ್’ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಡೇನಿಯಲ್ ಕೀಸ್ 1959ರಲ್ಲಿ ಸಣ್ಣಕಥೆಯಾಗಿ ಪ್ರಕಟಿಸಿ, 1966ರಲ್ಲಿ ಕಾದಂಬರಿಯಾಗಿ ಬೆಳೆಸಿದ ಕೃತಿ ಅದು. ಮಂದಬುದ್ಧಿಯ ನಾಯಕ ಚಾರ್ಲಿ ಬರೆಯುವ ವರದಿಗಳ ತಪ್ಪು ಕಾಗುಣಿತದಲ್ಲೇ ಕಥೆಯ ಅರ್ಧ ಜೀವವಿದೆ. ಬುದ್ಧಿ ಹೆಚ್ಚಿಸುವ ಶಸ್ತ್ರಚಿಕಿತ್ಸೆಯ ನಂತರ ಕಾಗುಣಿತ ತಿದ್ದಿಕೊಳ್ಳುತ್ತ ಹೋಗುತ್ತದೆ, ಕೊನೆಗೆ ಮತ್ತೆ ಹಿಂದಿನಂತಾಗುತ್ತದೆ. ಕಿವಿಗೆ ಕಾಗುಣಿತ ಕೇಳಿಸುವುದೆಲ್ಲಿಂದ? ಅದನ್ನು ಓದಿದ ಗೆಳತಿ ಮೊದಲ ದಿನ ತಡವರಿಸಿ, ಅಕ್ಷರ ಕೂಡಿಸುವ ಮಗುವಿನಂತೆ ಓದಿದರು. ಬಹುಶಃ ನೆಗಡಿಯಾಗಿದೆ ಎಂದುಕೊಂಡೆ. ನಾಲ್ಕನೆಯ ದಿನಕ್ಕೆ ಓಟ ಬಂತು, ಎರಡನೆಯ ವಾರದಲ್ಲಿ ನಾನು ಹಿಂಬಾಲಿಸಲಾರದಷ್ಟು ವೇಗ. ಆಮೇಲೆ ಒಂದು ದಿನ ಒಂದು ಸರಳ ಪದದ ಬಳಿ ದನಿ ಎಡವಿತು. ಅಷ್ಟೇ, ನನಗೆ ಗೊತ್ತಾಯಿತು. ಮುಂದೆ ಕೇಳಲು ಎರಡು ದಿನ ಧೈರ್ಯ ಬರಲಿಲ್ಲ. ಹಿಂದೆ ನಾನು ಎರಡು ಬಾರಿ ಓದಿದ್ದ ಪುಸ್ತಕ ಅದು.

‘ಸೊಲಾರಿಸ್’ ಎದುರು ನಾನು ‘ಸಾಗರ ಅದ್ಭುತ, ಭಾಷೆ ಒಣಕಲು’ ಎಂದು ಬರೆದಿದ್ದೆ. ನಿಮ್ಮಲ್ಲೊಬ್ಬರು ಅದನ್ನು ಮೆಲ್ಲಗೆ ತಿದ್ದಿದರು. ಲೆಮ್ 1961ರಲ್ಲಿ ಪೋಲಿಷ್‌ನಲ್ಲಿ ಬರೆದ ಆ ಕೃತಿಯ 1970ರ ಇಂಗ್ಲಿಷ್ ಅನುವಾದ ಫ್ರೆಂಚ್‌ನಿಂದ ಬಂದದ್ದು, ಅಂದರೆ ನಾನು ಓದಿದ್ದು ಅನುವಾದದ ಅನುವಾದ. ಪೋಲಿಷ್‌ನಿಂದ ನೇರವಾಗಿ ಮಾಡಿದ ಇಂಗ್ಲಿಷ್ ಅನುವಾದ 2011ರಲ್ಲಿ ಬಂದಾಗ ಅದು ಮೊದಲು ಹೊರಬಂದದ್ದು ಕೇಳುವ ಪುಸ್ತಕವಾಗಿಯೇ. ಅದನ್ನು ಕೊಡಿಸಿದಿರಿ, ಕೇಳಿದೆ. ಆ ಹಳೆಯ ಸಾಲನ್ನು ಅಳಿಸಿಹಾಕಿದ್ದೇನೆ.

‘ಫ್ರಾಂಕೆನ್‌ಸ್ಟೈನ್’ ಓದಿದವರು ತಮ್ಮ ಮೊದಲ ಧ್ವನಿಮುದ್ರಿಕೆಯ ಆರಂಭದಲ್ಲೇ ಒಂದು ಮಾತು ನೆನಪಿಸಿದರು: 1816ರ ಮಳೆಗಾಲದಂಥ ಬೇಸಿಗೆಯಲ್ಲಿ ಜಿನೀವಾ ಸರೋವರದ ದಂಡೆಯ ಮನೆಯಲ್ಲಿ ಕೆಲವರು ದೆವ್ವದ ಕಥೆಗಳನ್ನು ಒಬ್ಬರಿಗೊಬ್ಬರು ಗಟ್ಟಿಯಾಗಿ ಓದಿ ಹೇಳಿದ್ದರಿಂದಲೇ 18 ವರ್ಷದ ಲೇಖಕಿ ಮೇರಿ ಶೆಲ್ಲಿಗೆ ಆ ಕಥೆ ಹುಟ್ಟಿದ್ದು. ಇದನ್ನು ನಾನು ಎಷ್ಟೋ ಕಡೆ ಓದಿದ್ದೆ. ಆ ರಾತ್ರಿ ನಿಮ್ಮ ದನಿಯಲ್ಲಿ ಕೇಳಿದಾಗ ಆ ಮನೆಯೊಳಗೆ ನನಗೂ ಒಂದು ಜಾಗ ಸಿಕ್ಕಿತು.

ಇನ್ನು ‘ದ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’. ಲೆ ಗ್ವಿನ್ ಅವರ 1969ರ ಈ ಕಾದಂಬರಿಯನ್ನು ಓದುತ್ತಿದ್ದವರು, ಗೆನ್ಲಿ ಮತ್ತು ಎಸ್ಟ್ರಾವೆನ್ ಹಿಮದ ಬಯಲಿಗೆ ಹೊರಡುವಲ್ಲಿ ನಿಲ್ಲಿಸಿಬಿಟ್ಟರು. ‘ಇಲ್ಲಿಂದ ಮುಂದೆ ನೀವೇ ಓದಬೇಕು. ನಾನೂ ಅಲ್ಲಿಯವರೆಗೆ ಪುಸ್ತಕ ತೆರೆಯುವುದಿಲ್ಲ, ಕಾಯುತ್ತೇನೆ’ ಎಂದು ಕೊನೆಯಲ್ಲಿ ಹೇಳಿದ್ದರು. ಅಂದು ನನಗೆ ಸಿಟ್ಟೇ ಬಂದಿತ್ತು, ಕ್ಷಮಿಸಿ. ಓದಲು ಆಗುತ್ತದೆಯೋ ಇಲ್ಲವೋ ಎಂದು ನನಗೇ ನಂಬಿಕೆಯಿಲ್ಲದಿದ್ದ ಆ ದಿನಗಳಲ್ಲಿ ಇನ್ನೊಬ್ಬರು ಅದನ್ನು ನಂಬಿ ಪುಸ್ತಕ ಮುಚ್ಚಿಟ್ಟು ಕುಳಿತಿದ್ದರು.

ಹೊಸ ಕನ್ನಡಕ ಬಂದ ಮೇಲೆ ದಪ್ಪಕ್ಷರದಲ್ಲಿ ದಿನಕ್ಕೆ ಐದು ಪುಟ, ಆಮೇಲೆ ಹತ್ತು. ಹಿಮದ ಮೇಲೆ ನೆರಳೇ ಇಲ್ಲದ ಬೆಳಕು ಕವಿಯುವ ಭಾಗವೊಂದಿದೆ. ಎಲ್ಲೆಡೆ ಬಿಳುಪು, ಬಿರುಕು ಎಲ್ಲಿದೆಯೋ ಕಾಣದು, ಹೆಜ್ಜೆ ಮುಂದಿಡಲಾಗದು. ನಡೆಯಬೇಕಾದರೆ ಬೆಳಕಷ್ಟೇ ಸಾಲದು, ನೆರಳೂ ಬೇಕು. ಆ ಪುಟವನ್ನು ಮೂರು ಸಲ ಓದಿದೆ, ಒಂದು ಸಲ ಗಟ್ಟಿಯಾಗಿ.

ಪಟ್ಟಿಯನ್ನು ಮತ್ತೆ ಬರೆದು ಕಳುಹಿಸುತ್ತಿದ್ದೇನೆ. ಲೇಖಕರು, ವರ್ಷ, ಅಭಿಪ್ರಾಯದ ಪಕ್ಕದಲ್ಲಿ ‘ಯಾರ ದನಿಯಲ್ಲಿ’ ಎಂಬ ಹೊಸ ಸಾಲು ಸೇರಿದೆ. ಒಂಬತ್ತು ಪುಸ್ತಕಗಳ ಎದುರು ನಿಮ್ಮ ಹೆಸರುಗಳಿವೆ. ಹಿಮದ ಬಳಿ ಕಾಯುತ್ತಿರುವ ಗೆಳೆಯರೇ, ಈಗ ನೀವು ಪುಸ್ತಕ ತೆರೆಯಬಹುದು. ಕೊನೆಯ ಅಧ್ಯಾಯದ ಬಗ್ಗೆ ನಿಮ್ಮೊಂದಿಗೆ ತುಂಬಾ ಮಾತನಾಡಬೇಕಿದೆ, ಓದಿ ಮುಗಿದ ಕೂಡಲೇ ಕರೆ ಮಾಡಿ.