ಕೋಟಿನ ಫರ್ ಬಗ್ಗೆ ಪುಟ್ಟಿಗೊಂದು ಪತ್ರ

ಸರಸ್ವತಿಪುರಂ, ಮೈಸೂರು

ಪ್ರೀತಿಯ ಪುಟ್ಟಿಗೆ,

ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಟೊರೊಂಟೊದಲ್ಲಿ ಆಗಲೇ ಚಳಿ ಶುರುವಾಗಿದೆ ಅಂತ ನಿಮ್ಮಮ್ಮ ಹೇಳಿದಳು. ನೀನು ಕಳಿಸಿದ ಎರಡು ಕೋಟಿನ ಫೋಟೊ ನೋಡಿದೆ. ಒಂದರ ಟೋಪಿ ಅಂಚಿಗೆ ನಿಜವಾದ ನರಿ ತುಪ್ಪಳ, ಇನ್ನೊಂದಕ್ಕೆ ಸಿಂಥೆಟಿಕ್ ಫರ್. ಯಾವುದು ತಗೊಳ್ಳಲಿ ಅಂತ ಕೇಳಿದ್ದೀಯ. ಸಿಂಥೆಟಿಕ್‌ದೇ ತಗೋ ಕಣೇ.

ನಿಜವಾದ್ದೇ ಜಾಸ್ತಿ ಬೆಚ್ಚಗೆ ಅಂತ ಅಂಗಡಿಯವನು ಹೇಳಿದನಂತಲ್ಲ. ನಿನ್ನ ಮೈ ಬೆಚ್ಚಗಿಡುವುದು ಕೋಟಿನ ಒಳಗೆ ತುಂಬಿದ ಪದರ. ಟೋಪಿ ಅಂಚಿನ ಕೂದಲು ಇರುವುದು ಮುಖಕ್ಕೆ ಹೊಡೆಯುವ ಗಾಳಿ ತಡೆಯಲು. ಹಿಮದಲ್ಲೇ ದಿನಗಟ್ಟಲೆ ಇರುವವರಿಗೆ ನಿಜವಾದ ತುಪ್ಪಳ ವಾಸಿ ಇರಬಹುದು, ಉಸಿರು ಅದರ ಮೇಲೆ ಹೆಪ್ಪುಗಟ್ಟಿದರೂ ಕೊಡವಿದರೆ ಉದುರುತ್ತದೆ. ನೀನು ಬಸ್ ಸ್ಟಾಪಿನಿಂದ ಆಫೀಸಿಗೆ ನಡೆಯುವವಳು. ಕಾಯೋಟಿ ಅನ್ನುವ ತೋಳದ ಜಾತಿಯ ಪ್ರಾಣಿಯ ತುಪ್ಪಳ ಹಾಕಿಯೇ ಹೆಸರು ಮಾಡಿದ ಅಲ್ಲಿಯ ಕೆನಡಾ ಗೂಸ್ ಅನ್ನುವ ಕೋಟಿನ ಕಂಪನಿಯೇ 2021ರಲ್ಲಿ ಇನ್ನು ತುಪ್ಪಳ ಬಿಡುತ್ತೇವೆ ಅಂದಿತು. ಅವರಿಗಿಂತ ಚಳಿ ಕಂಡವರಾ ನಾವು?

ಮಿಂಕ್ ಸ್ಕಾರ್ಫ್ ಬಗ್ಗೆಯೂ ಬರೆದಿದ್ದೀಯ. ಮಿಂಕ್ ಅಂದರೆ ನಮ್ಮ ನೀರುನಾಯಿಯ ದಾಯಾದಿ. ಚಿಕ್ಕವಳಿದ್ದಾಗ ರಂಗನತಿಟ್ಟಿನಲ್ಲಿ ನೀರುನಾಯಿ ಮುಳುಗಿ ಏಳುವುದನ್ನು ನೋಡಿ ದೋಣಿಯಲ್ಲೇ ಕುಣಿದಿದ್ದೆ ನೀನು. ಅಂಥ ನೀರಿನ ಪ್ರಾಣಿಯನ್ನು ಹುಟ್ಟಿದಾಗಿನಿಂದ ತಂತಿ ಪಂಜರದಲ್ಲಿಟ್ಟು, ಈಜಲು ನೀರೂ ಇಲ್ಲದೆ ಬೆಳೆಸಿ, ಚಳಿಗಾಲದ ತುಪ್ಪಳ ದಟ್ಟವಾಗುತ್ತಿದ್ದಂತೆ, ವರ್ಷ ತುಂಬುವ ಮೊದಲೇ ಗ್ಯಾಸ್ ಬಿಟ್ಟು ಕೊಲ್ಲುತ್ತಾರೆ. ಫಾರ್ಮಿನ ನರಿಗೆ ಕರೆಂಟ್ ಕೊಡುತ್ತಾರೆ. ಚರ್ಮದ ಮೇಲೆ ಗಾಯ ಆಗಬಾರದಲ್ಲ, ಅದಕ್ಕೆ. 2020ರಲ್ಲಿ ಮಿಂಕ್‌ಗಳಿಂದ ಜನರಿಗೆ ಕೊರೊನಾ ಹರಡಿತು ಅಂತ ಡೆನ್ಮಾರ್ಕ್ ಸರ್ಕಾರ ದೇಶದ ಮಿಂಕ್‌ಗಳನ್ನೆಲ್ಲ ಕೊಲ್ಲಲು ಹೇಳಿತು, ಒಂದೂವರೆ ಕೋಟಿಗೂ ಹೆಚ್ಚು. ಅಷ್ಟು ಚಿಕ್ಕ ದೇಶದ ಪಂಜರಗಳಲ್ಲಿ ಅಷ್ಟೊಂದು ಜೀವ!

"ನೀನೂ ಮೈಸೂರು ಸಿಲ್ಕ್ ಉಡ್ತೀಯಲ್ಲ ದೊಡ್ಡಮ್ಮ, ಗೂಡಿನೊಳಗಿನ ಹುಳು ಸಾಯಲ್ವಾ?" ಅಂತ ನೀನು ಕೇಳೇ ಕೇಳುತ್ತೀಯ. ಸಾಯುತ್ತದೆ. ಅದಕ್ಕೆ ನನ್ನ ಹತ್ತಿರ ಜಾಣ ಉತ್ತರ ಇಲ್ಲ. ಹೊಸ ರೇಷ್ಮೆ ಸೀರೆ ಕೊಳ್ಳುವುದು ಬಿಟ್ಟಿದ್ದೇನೆ, ಇರುವುದನ್ನೇ ಉಡುತ್ತೇನೆ. ಆದರೆ ಒಂದು ಕಡೆ ಸರಿಯಿಲ್ಲ ಅಂತ ಇನ್ನೊಂದು ಕಡೆಯೂ ಹಾಗೇ ಇರಲಿ ಅನ್ನುವುದು ಯಾವ ಊರಿನ ನ್ಯಾಯ?

ಚರ್ಮದ ಶೋಕಿ ನಮ್ಮ ಮೈಸೂರಿಗೂ ಹೊಸದಲ್ಲ ಬಿಡು. ರಾಜರೂ ಬ್ರಿಟಿಷರೂ ಹೊಡೆದ ಹುಲಿ, ಚಿರತೆಗಳು ಸತ್ತ ಪ್ರಾಣಿಯ ಚರ್ಮ ಹದ ಮಾಡಿ ಜೀವಂತ ಇದ್ದ ಹಾಗೆ ನಿಲ್ಲಿಸುತ್ತಿದ್ದ ವ್ಯಾನ್ ಇಂಗೆನ್ ಅವರ ಕಾರ್ಖಾನೆಗೆ ಬಂದು, ಬಾಯಿ ತೆರೆದು ಗರ್ಜಿಸುವ ಹಾಗೆ ಆಗಿ ಬಂಗಲೆಗಳ ಗೋಡೆ ಸೇರುತ್ತಿದ್ದವು. ಕೈಚಳಕ ದೊಡ್ಡದೇ, ಇಲ್ಲ ಅನ್ನುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶೋಕಿಗೆ ಹುಲಿ ಹೊಡೆಯುವುದು ಅಪರಾಧವಾಯಿತು. ಗೋಡೆಗೆ ಹೊಸ ಹುಲಿ ತಲೆ ಬರಲಿಲ್ಲ ಅಂತ ಯಾರ ಮನೆತನದ ಮರ್ಯಾದೆಯೂ ಹೋಗಲಿಲ್ಲ.

ಈಗ ಕೊಳ್ಳುವ ವಿಷಯ. ಲೇಬಲ್ ಒಂದನ್ನೇ ನಂಬಬೇಡ. ಅಗ್ಗ ಅಂದ ಮಾತ್ರಕ್ಕೆ ಸಿಂಥೆಟಿಕ್ ಅಂತಲೂ ಅಲ್ಲ. ರಕೂನ್ ನಾಯಿ ಅನ್ನುವ ನರಿ ಬಳಗದ ಪ್ರಾಣಿಯ ತುಪ್ಪಳ, ಮೊಲದ ತುಪ್ಪಳವೂ ಅಗ್ಗಕ್ಕೆ ಸಿಗುತ್ತದೆ, ಅದನ್ನೇ ಸಿಂಥೆಟಿಕ್ ಅಂತ ಹೇಳಿ ಮಾರಿದವರಿದ್ದಾರೆ. ಬೆರಳಿನಿಂದ ಕೂದಲು ಬಿಡಿಸಿ ಬುಡ ನೋಡು. ನೇಯ್ದ ಬಟ್ಟೆಯೋ ಹೆಣೆದ ಬಟ್ಟೆಯೋ ಕಂಡರೆ ಸಿಂಥೆಟಿಕ್, ಚರ್ಮ ಕಂಡರೆ ಸುಮ್ನೆ ವಾಪಸ್ ಇಡು. ಪ್ರಾಣಿಯ ಕೂದಲು, ಕತ್ತರಿಸಿಲ್ಲದಿದ್ದರೆ, ತುದಿಯಲ್ಲಿ ಚೂಪಾಗಿರುತ್ತದೆ. ಮನೆಗೆ ತಂದ ಮೇಲೂ ಅನುಮಾನ ಇದ್ದರೆ ಒಂದೆರಡು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಸಿಂಕ್ ಮೇಲೆ ಬೆಂಕಿ ತೋರಿಸು. ತಲೆಕೂದಲು ಸುಟ್ಟ ವಾಸನೆ ಬಂದರೆ ಪ್ರಾಣಿಯದು. ಕರಗಿ ಗಟ್ಟಿ ಉಂಡೆಯಾದರೆ ಪ್ಲಾಸ್ಟಿಕ್.

ಹೌದು, ಪ್ಲಾಸ್ಟಿಕ್ಕೇ. ಅಕ್ರಿಲಿಕ್, ಮೋಡಾಕ್ರಿಲಿಕ್, ಪಾಲಿಯೆಸ್ಟರ್, ಎಲ್ಲ ಪೆಟ್ರೋಲಿಯಂ ಮೂಲದ್ದು. ಮಣ್ಣಲ್ಲಿ ಸುಲಭಕ್ಕೆ ಕೊಳೆಯುವುದಿಲ್ಲ, ಒಗೆದಾಗ ಸಣ್ಣ ಸಣ್ಣ ಎಳೆ ಉದುರಿ ಚರಂಡಿ ನೀರು ಸೇರುತ್ತದೆ. ಅದಕ್ಕೇ ವರ್ಷಕ್ಕೊಂದು ಕೊಳ್ಳಬೇಡ, ಒಂದನ್ನೇ ಹಲವು ವರ್ಷ ಹಾಕು. ಸ್ಕೂಲ್ ಡೇಗೆ ಮಕ್ಕಳ ಕರಡಿ ವೇಷಕ್ಕೆ ಇದೇ ಫರ್ ಬಟ್ಟೆ ಹೊಲಿದವಳು ನಾನು. ಕೂದಲಿಗೆ ಕತ್ತರಿ ತಾಗಿಸದೆ ಹಿಂಬದಿಯ ಬಟ್ಟೆಯನ್ನಷ್ಟೇ ಬ್ಲೇಡಿನಿಂದ ಸೀಳಬೇಕು, ಇಲ್ಲದಿದ್ದರೆ ಎಳೆಗಳು ಹೊಲಿಗೆ ಅಂಗಡಿಯೆಲ್ಲ ಹಾರಿ ಮಧ್ಯಾಹ್ನದ ಮೊಸರನ್ನದಲ್ಲೂ ಅದೇ! ಹಾಗಾಗಿ ಹೊಲಿಗೆಯ ಹತ್ತಿರ ಮೆಲ್ಲಗೆ ಎಳೆದು ನೋಡು, ಎಳೆಗಳು ಕೈಗೆ ಬಂದರೆ ಆ ಕೋಟು ಬೇಡ. ಫರ್ ಅಂಚು ಬಿಚ್ಚಿ ಹಾಕುವ ಹಾಗಿದ್ದರೆ ಒಳ್ಳೆಯದು. ಕೊಳೆಯಾದ ಕಡೆ ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸು. ಒಗೆಯಲೇಬೇಕಾದರೆ ತಣ್ಣೀರು, ಆಮೇಲೆ ನೆರಳಲ್ಲಿ ಒಣಗಿಸಿ ಬ್ರಷ್ ಮಾಡು. ಡ್ರೈಯರ್, ಇಸ್ತ್ರಿ ಎರಡೂ ಬೇಡ, ಬಿಸಿಗೆ ಎಳೆ ಮುರುಟಿಕೊಂಡರೆ ಮತ್ತೆ ನೆಟ್ಟಗಾಗುವುದಿಲ್ಲ.

ನನಗೆ ಆ ಮಿಂಕ್ ಸ್ಕಾರ್ಫ್ ತರುವ ಯೋಚನೆ ಬಿಡು. ಮಿಂಕ್, ನರಿ, ಇಲಿ ಬಳಗದ ಚಿಂಚಿಲಾ, ಇವುಗಳ ಚರ್ಮದ ಆಮದನ್ನು ನಮ್ಮ ದೇಶ 2017ರಲ್ಲೇ ನಿಲ್ಲಿಸಿದೆ, ಮೈಸೂರಿನ ಡಿಸೆಂಬರ್‌ಗೆ ನನ್ನ ಹಳೇ ಶಾಲು ಒಂದೇ ಜಾಸ್ತಿ.

ದುಡ್ಡು ಕೊಡುವ ಮೊದಲು ಬುಡ ಬಿಡಿಸಿ ಹಿಡಿದು ಒಂದು ಫೋಟೊ ವಾಟ್ಸಾಪ್ ಮಾಡು. ಇಲ್ಲಿ ರಾತ್ರಿಯಾಗಿದ್ದರೂ ಪರವಾಗಿಲ್ಲ, ನೋಡಿ ಹೇಳುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ