ಫೈನಲ್ ಪರೀಕ್ಷೆ ರದ್ದಾದರೆ ಅಂಕ ಏನಾಗುತ್ತೆ?

ಎಲ್ಲರಿಗೂ ನಮಸ್ಕಾರ. ಶಾಲೆಯಲ್ಲಿ ಫೈನಲ್ ಪರೀಕ್ಷೆ ರದ್ದು ಮಾಡಿದರೆ ಮಕ್ಕಳ ಅಂಕ ತಾನಾಗೇ ಏರುತ್ತೆ ಅಂತ ಗುಂಪಿನಲ್ಲಿ ತುಂಬ ಜನ ಬರೆದಿದ್ದೀರಿ. ಒಮ್ಮೆ ಲೆಕ್ಕ ಹಾಕಿ ನೋಡಿ.

ಫೈನಲ್‌ಗೆ ನೂರಕ್ಕೆ 20 ಪಾಲು ಅಂದುಕೊಳ್ಳಿ. ವರ್ಷವಿಡೀ 85 ಸರಾಸರಿ ಇದ್ದ ಹುಡುಗಿ ಫೈನಲ್‌ನಲ್ಲಿ 65 ತೆಗೆದರೆ ಒಟ್ಟು 81ಕ್ಕೆ ಇಳಿಯುತ್ತೆ. ಪರೀಕ್ಷೆಯೇ ಇಲ್ಲದಿದ್ದರೆ 85 ಹಾಗೇ ಉಳಿಯುತ್ತೆ. ಅವಳಿಗೆ ಲಾಭ. ಆದರೆ 60ರಲ್ಲಿದ್ದು, ಕೊನೆಗೆ ಎಚ್ಚೆತ್ತು 90 ತೆಗೆಯಬಲ್ಲ ಹುಡುಗನಿಗೆ 66ಕ್ಕೆ ಏರುವ ದಾರಿಯೇ ಮುಚ್ಚುತ್ತೆ. ತಡವಾಗಿ ಹತ್ತುವವರ ಬಗ್ಗೆ ಯಾರೂ ಮಾತಾಡೋದೇ ಇಲ್ಲ, ಅಲ್ವಾ?

ಇನ್ನೊಂದು ವಿಷಯ. ಫೈನಲ್ ಹೋದರೆ ಅದರ ಭಾರ ಕಿರುಪರೀಕ್ಷೆ, ಪ್ರಾಜೆಕ್ಟ್, ಹೋಂವರ್ಕ್ ಮೇಲೆ ಬೀಳುತ್ತೆ. ಜ್ವರ ಬಂದು ಒಂದು ಟೆಸ್ಟ್ ತಪ್ಪಿದರೂ ಪೆಟ್ಟು ಜಾಸ್ತಿ. ಶಿಕ್ಷಕರ ಅಂದಾಜಿಗೂ ಬೆಲೆ ಹೆಚ್ಚುತ್ತೆ. ಬ್ರಿಟನ್ನಿನಲ್ಲಿ ಕೋವಿಡ್‌ನಿಂದ ಎ ಲೆವೆಲ್ (ಶಾಲೆಯ ಕೊನೆಯಲ್ಲಿ, ಕಾಲೇಜಿಗೆ ಮೊದಲು ಬರೆಯುವ) ಪರೀಕ್ಷೆ ರದ್ದಾಗಿ, 2021ರಲ್ಲಿ ಶಿಕ್ಷಕರೇ ಗ್ರೇಡ್ ಕೊಟ್ಟರು. 2019ರಲ್ಲಿ ನೂರಕ್ಕೆ ಸುಮಾರು 25ರಷ್ಟಿದ್ದ ಮೇಲಿನ ಎರಡು ಗ್ರೇಡ್‌ಗಳು ಆಗ 44 ದಾಟಿದವು. ಮಕ್ಕಳು ಎರಡೇ ವರ್ಷದಲ್ಲಿ ಅಷ್ಟೊಂದು ಜಾಣರಾದರು ಅಂತ ನನಗಂತೂ ಅನಿಸಲ್ಲ.

ಹಾಗಾಗಿ ಸುಮ್ನೆ ಬೇಕು, ಬೇಡ ಅಂತ ವೋಟ್ ಹಾಕಬೇಡಿ. ಫೈನಲ್‌ನ ಪಾಲು ಯಾವುದಕ್ಕೆ ಹೋಗುತ್ತೆ, ತಪ್ಪಿದ ಟೆಸ್ಟ್ ಮತ್ತೆ ಬರೆಯಬಹುದಾ, ಇವೆರಡನ್ನು ಶಾಲೆಯಲ್ಲಿ ಮೊದಲು ಕೇಳಿ.