ಬಂಡೆಯ ಸಂದಿನ ಚಾಪೆಲ್ ನೋಡಲು ಹೊರಟ ನಮ್ಮ ಮಕ್ಕಳಿಗೆ ಕೈಜೋಡಿಸಿ

ಆತ್ಮೀಯ ಕನ್ನಡ ಬಂಧುಗಳಿಗೆ ನಮಸ್ಕಾರ.

ವೇಲ್ಸ್‌ನ ಕಾರ್ಡಿಫ್‌ನಲ್ಲಿ ನಾವು ನಡೆಸುವ ಶನಿವಾರದ ಕನ್ನಡ ಶಾಲೆಯ ಮಕ್ಕಳನ್ನು ಬರುವ ಜೂನ್‌ನಲ್ಲಿ ಪೆಂಬ್ರೋಕ್‌ಶೈರ್‌ನ ಸೇಂಟ್ ಗೋವನ್ಸ್ ಚಾಪೆಲ್ ಎಂಬ ಪುಟ್ಟ ಕ್ರೈಸ್ತ ಪ್ರಾರ್ಥನಾ ಮಂದಿರಕ್ಕೆ ಕರೆದುಕೊಂಡು ಹೋಗಬೇಕು ಅಂತಿದ್ದೇವೆ. ಅದಕ್ಕೆ ನಿಮ್ಮ ನೆರವು ಕೇಳಲು ಈ ಪತ್ರ.

ಬಾಷರ್‌ಸ್ಟನ್ ಊರು ದಾಟಿ ಸಮುದ್ರದ ಕಡೆ ಹೋದರೆ ಮೊದಲು ಬರೀ ಹುಲ್ಲು, ಗಾಳಿ. ಚಾಪೆಲ್ ಎಲ್ಲೂ ಕಾಣುವುದಿಲ್ಲ. ಕಡಿದಾದ ಕಲ್ಲು ಮೆಟ್ಟಿಲು ಇಳಿಯಬೇಕು. ಆಗ ಸುಣ್ಣಕಲ್ಲಿನ ಬಂಡೆಗಳ ಸಂದಿನಲ್ಲಿ ಅದೇ ಬಣ್ಣದ ಕಲ್ಲಿನ ಪುಟ್ಟ ಕಟ್ಟಡ ಸಿಗುತ್ತದೆ. ಉದ್ದ ಸುಮಾರು 6 ಮೀಟರ್, ಅಗಲ 4 ಮೀಟರಿಗೂ ಕಡಿಮೆ. ಒಳಗೆ ಕಲ್ಲಿನ ಪೂಜಾಪೀಠ, ಕೂರಲು ಕಲ್ಲು ಕಟ್ಟೆ, ಕಡಲಿನ ಕಡೆಗೆ ಸಣ್ಣ ಕಿಟಕಿ. ಕೆಳಗಿನ ಅಲೆಯ ಹತ್ತಿರ ಹೋಗಬೇಕಾದರೂ ಚಾಪೆಲ್ ಒಳಗಿಂದಲೇ ಹಾದು ಹೋಗಬೇಕು.

ಈಗಿನ ಕಟ್ಟಡ 13 ಅಥವಾ 14ನೇ ಶತಮಾನದ್ದು ಎನ್ನುತ್ತಾರೆ. ಕಥೆ ಮಾತ್ರ 6ನೇ ಶತಮಾನಕ್ಕೆ ಹೋಗುತ್ತದೆ. ಗೋವನ್ ಐರ್ಲೆಂಡಿನಿಂದ ಬಂದ ಸನ್ಯಾಸಿಯಂತೆ. ಕಡಲ್ಗಳ್ಳರು ಬೆನ್ನಟ್ಟಿದಾಗ ಬಂಡೆ ಬಾಯಿ ತೆರೆದು ಅವರನ್ನು ಒಳಗೆ ಬಚ್ಚಿಟ್ಟುಕೊಂಡಿತಂತೆ. ಪೂಜಾಪೀಠದ ಪಕ್ಕದ ಆ ಸಂದಿನಲ್ಲಿ ಅವರ ಪಕ್ಕೆಲುಬಿನ ಗುರುತಿದೆ ಎಂದು ಜನ ಇವತ್ತಿಗೂ ತೋರಿಸುತ್ತಾರೆ. ಒಳಗೆ ನಿಂತು ಏನಾದರೂ ಬೇಡಿಕೊಂಡು ಹಿಂದೆ ತಿರುಗಿದರೆ ಕೈಗೂಡುತ್ತದೆ ಅನ್ನೋ ನಂಬಿಕೆಯೂ ಇದೆ. ಮೆಟ್ಟಿಲನ್ನು ಇಳಿಯುವಾಗ ಎಣಿಸಿದರೆ ಒಂದು ಲೆಕ್ಕ, ಹತ್ತುವಾಗ ಇನ್ನೊಂದು ಲೆಕ್ಕ ಬರುತ್ತದಂತೆ. ನಮ್ಮ ಮಕ್ಕಳು ಅದನ್ನು ಕನ್ನಡದಲ್ಲೇ ಎಣಿಸಬೇಕು ಎಂಬುದು ನಮ್ಮ ಆಸೆ.

ಕುಮಟಾ ಹತ್ತಿರದ ಯಾಣ ನೋಡಿದವರಿಗೆ ಇದು ಹೊಸದಲ್ಲ, ಅಲ್ವಾ? ಅಲ್ಲೂ ಸುಣ್ಣಕಲ್ಲಿನ ಬಂಡೆ, ಅಲ್ಲೂ ಅದರ ಅಡಿಯಲ್ಲಿ ಭೈರವೇಶ್ವರ, ಅಲ್ಲೂ ಭಸ್ಮಾಸುರನಿಂದ ತಪ್ಪಿಸಿಕೊಂಡು ಓಡಿದ ಶಿವನ ಕಥೆ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಯಾಣ ದೂರ. ಗೋವನ್ಸ್ ಚಾಪೆಲ್ ಎರಡು ಗಂಟೆಗೆ ಸ್ವಲ್ಪ ಜಾಸ್ತಿ ದಾರಿ. ಎರಡೂ ಕಥೆಗಳನ್ನು ಅವರು ಅಜ್ಜ ಅಜ್ಜಿಗೆ ತಮ್ಮ ಮಾತಿನಲ್ಲಿ ಹೇಳುವಂತಾಗಲಿ ಅಂತಲೇ ಈ ಪ್ರವಾಸ. ಕಲಿಯೋಕೆ ಪಾಠದ ಪುಸ್ತಕ ಒಂದೇ ಸಾಲದು. ಹೇಳಲೇಬೇಕು ಅನ್ನಿಸುವಂಥದ್ದು ಕಣ್ಣಿಗೆ ಬಿದ್ದರೆ ಮಾತು ತಾನಾಗಿ ಬರುತ್ತದೆ. ವಾಪಸ್ ಬಂದ ಮೇಲೆ ಮಕ್ಕಳೇ ಬರೆದು, ಚಿತ್ರ ಬಿಡಿಸಿದ ಸಣ್ಣ ಪುಸ್ತಕ ಅಚ್ಚು ಹಾಕಿಸುತ್ತೇವೆ.

ಅಲ್ಲಿಗೆ ಹೋಗುವ ರಸ್ತೆ ಸೈನ್ಯದ ಗುಂಡು ಹಾರಿಸುವ ತಾಣದ ಮೂಲಕ ಹಾದು ಹೋಗುತ್ತದೆ. ಅಭ್ಯಾಸ ನಡೆಯುವ ದಿನ ಮುಚ್ಚಿರುತ್ತಾರೆ. ಹಾಗಾಗಿ ವೇಳಾಪಟ್ಟಿ ನೋಡಿ ಭಾನುವಾರ ಗೊತ್ತು ಮಾಡುತ್ತೇವೆ. ಜೂನ್ ಆದ್ದರಿಂದ ಬಾಷರ್‌ಸ್ಟನ್ ಕೆರೆಗಳಲ್ಲಿ ನೈದಿಲೆ ಅರಳಿರುತ್ತದೆ, ಅದನ್ನೂ ನೋಡಬಹುದು. ಮೆಟ್ಟಿಲು ಸವೆದಿವೆ, ಮಳೆ ಬಂದರೆ ಜಾರುತ್ತವೆ. ಆದ್ದರಿಂದ ಚಿಕ್ಕ ಮಕ್ಕಳ ಕೈ ಹಿಡಿಯಲು ಜೊತೆಗೆ ಬರುವ ದೊಡ್ಡವರೂ ಬೇಕು. ದುಡ್ಡು ಕೊಡಲಾಗದಿದ್ದರೆ ಒಂದು ದಿನ ಕೊಡಿ, ಅದೂ ದೇಣಿಗೆಯೇ.

ಒಂದು ಮಗುವಿನ ಬಸ್ಸು ಮತ್ತು ಊಟಕ್ಕೆ 25 ಪೌಂಡ್ ಬೇಕು. ಕಷ್ಟವಿರುವ ಮನೆಯ ಮಕ್ಕಳಿಂದ ಏನೂ ತೆಗೆದುಕೊಳ್ಳುವುದಿಲ್ಲ. ಅವರ ಪಾಲು ನಿಮ್ಮ ದೇಣಿಗೆಯಿಂದ ಬರಬೇಕು. ಎಷ್ಟೇ ಆದರೂ ಸರಿ, 5 ಪೌಂಡ್ ಆದರೂ ಸಂತೋಷ. ಮೇ ಕೊನೆಯೊಳಗೆ ಶಾಲೆಯ ಖಾತೆಗೆ ಹಾಕಿ, ಇಲ್ಲವೇ ಶನಿವಾರ ತರಗತಿಗೆ ಬಂದು ಖಜಾಂಚಿಯವರ ಕೈಗೆ ಕೊಟ್ಟು ರಸೀದಿ ಪಡೆಯಿರಿ. ಇಲ್ಲಿ ತೆರಿಗೆ ಕಟ್ಟುವವರು ಗಿಫ್ಟ್ ಏಡ್ ಫಾರಂ ತುಂಬಲು ಮರೆಯಬೇಡಿ. ನಿಮ್ಮ ಪ್ರತಿ ಪೌಂಡಿಗೆ ಸರ್ಕಾರದಿಂದ 25 ಪೆನ್ಸ್ ಸೇರುತ್ತದೆ.